ದುರುಗಮ್ಮನ ದನಿಗೆ ಪಳಗಿದ ಗಿಣಿಗಳು

ಬಾದನಹಟ್ಟಿಯ ದುರುಗಮ್ಮ ಹೊಲದಲ್ಲಿ ನಿಂತು ಕೂಗಿದರೆ ಊರೊಳಗೆ ಕಟ್ಟಿದ ಎಮ್ಮೆ ಬೆಚ್ಚಿಬೀಳುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಅವಳಿಗೆ ಅದರಿಂದ ಖುಷಿಯೇ ಆಗುತ್ತಿತ್ತು. ತವರು ಸಿರುಗುಪ್ಪ ಕಡೆಯ ದೇಶನೂರು. ಅಲ್ಲಿ ಭತ್ತದ ಗದ್ದೆಗಳ ನಡುವೆ, ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿಯೇ ಮಾತು ಕಲಿತವಳು. ಪಿಸುಮಾತು ಅಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಬಾಯಿಗೆ ತಕ್ಕ ಕೆಲಸವೂ ಸಿಕ್ಕಿತ್ತು. ವಿರೂಪಾಕ್ಷಪ್ಪ ಗೌಡರ ಎರಡು ಎಕರೆ ಬಿಳಿಜೋಳಕ್ಕೆ ಹಕ್ಕಿ ಕಾಯುವುದು. ಹೊಲದ ನಡುವೆ ನಾಲ್ಕು ಗಳ ನೆಟ್ಟು ಮೇಲೆ ಹಲಗೆ ಹಾಸಿದ ಮಂಚಿಕೆ. ತೆನೆಯಲ್ಲಿ ಹಾಲು ತುಂಬಿದ ದಿನದಿಂದ ಕಾಳು ಗಟ್ಟಿಯಾಗುವವರೆಗೆ ಅದರ ಮೇಲೆ ದುರುಗಮ್ಮ, ಕೈಯಲ್ಲೊಂದು ಕವಣೆ. ಹೀಗೆ ಇಪ್ಪತ್ತೆಂಟು ವರ್ಷ. ಮನೆಯಲ್ಲಿ ಸೊಸೆಯಾಗಿ, ಕೂಲಿಯಲ್ಲಿ ಹತ್ತರಲ್ಲಿ ಒಬ್ಬಳಾಗಿ ಬಾಳಿದವಳಿಗೆ, ನೆಲಕ್ಕಿಂತ ಎತ್ತರದಲ್ಲಿ ಕೂತು ಜೋರು ಮಾಡಲು ಇದ್ದ ಜಾಗ ಅದೊಂದೇ.

ಹಕ್ಕಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ಬುದ್ಧಿವಂತವಾಗುತ್ತಿದ್ದವು. ಮೊದಲು ಬೆರ್ಚಪ್ಪನನ್ನು ಕಂಡರೆ ಸಾಕಿತ್ತು, ಹತ್ತಿರ ಬರುತ್ತಿರಲಿಲ್ಲ. ಈಗ ಬೆರ್ಚಪ್ಪನ ಮಡಕೆ ತಲೆಯ ಮೇಲೆ ಕೂತು ಕೊಕ್ಕು ಒರೆಸಿಕೊಳ್ಳುತ್ತವೆ. ಮಿಂಚುವ ಪಟ್ಟಿ ಕಟ್ಟಿದರೆ ಎರಡು ದಿನ ಅಂಜಿದವು, ಮೂರನೆಯ ದಿನ ಅದರ ಕೆಳಗೇ ನುಸುಳಿ ಬಂದವು. ಮೊದಲೆಲ್ಲ ಕುರುಗೋಡು ಗುಡ್ಡದ ಬಂಡೆ ಸಂದಿಯಲ್ಲಿ ಮನೆ ಮಾಡಿದ್ದ ಗಿಣಿಗಳು ಈಗ ಮೊಬೈಲ್ ಟವರಿನ ಕೊಳವೆಗಳಲ್ಲಿ ಸಂಸಾರ ಹೂಡಿದ್ದವು. ಸುತ್ತಲಿನವರೆಲ್ಲ ಮೆಣಸಿನಕಾಯಿ, ಹತ್ತಿಗೆ ಹೋದ ಮೇಲೆ ಜೋಳ ಅಂತ ಉಳಿದಿದ್ದು ಗೌಡರ ಹೊಲವೊಂದೇ. ಹೋಗುವುದಾದರೂ ಎಲ್ಲಿಗೆ ಪಾಪ, ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಆದರೂ ದುರುಗಮ್ಮನ ದನಿಗೆ ಅಂಜುತ್ತಿದ್ದವು. ಅದೊಂದು ಅವಳ ಹೆಮ್ಮೆ.

ಈ ವರ್ಷ ಆ ಹೆಮ್ಮೆಗೆ ಕಲ್ಲು ಬಿದ್ದಿದ್ದು ಗೌಡರ ಅಳಿಯನಿಂದ. ಶಶಿಕಾಂತನದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಮೈಕು, ಬ್ಯಾಟರಿ, ಸೋಲಾರ್ ದೀಪದ ಅಂಗಡಿ. ಹಬ್ಬಕ್ಕೆ ಬಂದವನು ಮಂಚಿಕೆಯ ಕೆಳಗೆ ನಿಂತು ಮೊಬೈಲು ಎತ್ತಿ ಹಿಡಿದ.

"ದುರುಗಮ್ಮಾ, ನಿನ್ನ ದನಿ ಭಾರಿ ಐತಿ ಬಿಡು. ಒಂದೆರಡು ನಿಮಿಷ ಕೂಗು, ರೆಕಾರ್ಡ್ ಮಾಡ್ಕೊಂತೀನಿ."

ದುರುಗಮ್ಮ ಉಬ್ಬಿಹೋದಳು. ಬಳ್ಳಾರಿಯವರು ಕೇಳುತ್ತಾರೇನೋ ಅಂದುಕೊಂಡಳು. ಬಾಯೊಳಗಿನ ಎಲೆಅಡಿಕೆ ಉಗಿದು, ಸೆರಗು ಸರಿಮಾಡಿಕೊಂಡು, ಇದ್ದಬದ್ದ ಉಸಿರನ್ನೆಲ್ಲ ಎಳೆದುಕೊಂಡು ಶುರುಮಾಡಿದಳು.

"ಹೋಯ್! ಹೋ ಹೋ ಹೋಯ್! ಬಂದ್ರೇನ್ರೇ ನನ್ ಸವತಿಗುಳಾ! ನಿಮ್ಮಪ್ಪ ಬಿತ್ತ್ಯಾನೇನು ಜ್ವಾಳ? ಹಾರ್ರೇ, ಹಾರ್ರಿ! ಹೋಯ್!"

ನಾಲ್ಕು ದಿನ ಬಿಟ್ಟು ಮಂಚಿಕೆಯ ಮೇಲೆ ಕಹಳೆಯಂಥ ಮೈಕು ಕೂತಿತ್ತು. ಪಕ್ಕದಲ್ಲೊಂದು ಸೋಲಾರ್ ಹಲಗೆ. ಐದು ನಿಮಿಷಕ್ಕೊಮ್ಮೆ ಅದರಿಂದ ದುರುಗಮ್ಮನದೇ ದನಿ, ಅದೇ ಬೈಗುಳ, ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಬದುವಿನಲ್ಲಿ ನಿಂತ ದುರುಗಮ್ಮ ಬಾಯಿ ತೆರೆದು ನೋಡಿದಳು. ಅವಳ ಬಾಯಿ ಅಲ್ಲಿ ಮೇಲಿತ್ತು, ಅವಳು ಇಲ್ಲಿ ಕೆಳಗಿದ್ದಳು.

"ಇನ್ನ ನೀನು ಬಿಸಿಲಾಗ ಕೂಡೋದು ಬ್ಯಾಡವಾ, ಆರಾಮ ಇರು," ಎಂದ ವಿರೂಪಾಕ್ಷಪ್ಪ. ಕೆಟ್ಟ ಮನುಷ್ಯನಲ್ಲ, ಅಳಿಯನಿಗೆ ಇಲ್ಲ ಅನ್ನಲಾಗದ ಮಾವ ಅಷ್ಟೆ. ಆರಾಮ ಇರು ಎಂಬ ಮಾತು ದುರುಗಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನನ್ನ ಗಂಟಲನ್ನು ನನ್ನ ಕೈಯಿಂದಲೇ ಕೊಟ್ಟೆನಲ್ಲ ಎಂದು ಮೂರು ದಿನ ತನ್ನನ್ನೇ ಬೈದುಕೊಂಡಳು.

ಮೊದಲ ದಿನ ಗಿಣಿಗಳು ಗುಂಪುಗುಂಪಾಗಿ ಎದ್ದು ಹೋದವು. ಮೂರನೆಯ ದಿನ ಸುಮ್ಮನೆ ಎದ್ದ ಹಾಗೆ ಮಾಡಿ ಮತ್ತೆ ಅಲ್ಲಿಯೇ ಕೂತವು. ಐದನೆಯ ದಿನಕ್ಕೆ ಅವಕ್ಕೆ ಗುಟ್ಟು ತಿಳಿದುಹೋಯಿತು: ಈ ದನಿ ಬೈಯುತ್ತದೆ, ಹೊಡೆಯುವುದಿಲ್ಲ. ಎಂಟನೆಯ ದಿನ ದುರುಗಮ್ಮ ಮೆಣಸಿನಕಾಯಿ ಬಿಡಿಸಲು ಆ ದಾರಿಯಲ್ಲಿ ಹೋಗುವಾಗ ನೋಡುತ್ತಾಳೆ, ಒಂದು ಗಿಣಿ ಮೈಕಿನ ಬಾಯಿಯ ಅಂಚಿನಲ್ಲೇ ಕೂತು, ಅವಳ ಬೈಗುಳ ಕಿವಿಗೆ ಬೀಳುತ್ತಿರುವಂತೆಯೇ, ಕಾಲಲ್ಲಿ ತೆನೆಯ ತುಣುಕು ಹಿಡಿದು ಸಾವಕಾಶವಾಗಿ ತಿನ್ನುತ್ತಿದೆ!

ಒಳಗೊಳಗೆ ಅವಳಿಗೆ ನಗು ಬಂತು. ಈಗ ಕರೀತಾರ ನೋಡು ಅಂದುಕೊಂಡಳು.

ಕರೆದರು ಕೂಡ. ವಿರೂಪಾಕ್ಷಪ್ಪ ತಾನೇ ಅವಳ ಗುಡಿಸಲ ತನಕ ನಡೆದು ಬಂದ. "ಬಾರವಾ ದುರುಗಮ್ಮ, ಆ ಮಷಿನ್ ಯಾತಕ್ಕೂ ಬರಲಿಲ್ಲ. ಕಾಲುಪಾಲು ಜ್ವಾಳ ತಿಂದು ಹಾಕ್ಯಾವ."

ದುರುಗಮ್ಮ ಕವಣೆಯನ್ನೂ ಒಯ್ಯದೆ ಗತ್ತಿನಿಂದ ಹೋದಳು. ಮೈಕನ್ನು ಬಂದ್ ಮಾಡಿಸಿದಳು. ಮಂಚಿಕೆ ಏರಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಎದೆ ತುಂಬ ಉಸಿರು ತುಂಬಿಕೊಂಡು ಕೂಗಿದಳು. "ಹೋಯ್! ಹೋ ಹೋ ಹೋಯ್!"

ಒಂದು ಗಿಣಿಯೂ ಏಳಲಿಲ್ಲ.

ಮತ್ತೆ ಕೂಗಿದಳು. ಗಂಟಲು ಹರಿಯುವ ಹಾಗೆ ಕೂಗಿದಳು. ಹತ್ತಿರದ ತೆನೆಯ ಮೇಲಿದ್ದ ಒಂದು ಗಿಣಿ ಕತ್ತು ಓರೆಮಾಡಿ ಅವಳ ಕಡೆ ನೋಡಿ, ಓ ನೀನಾ, ಎಂಬಂತೆ ಮತ್ತೆ ಕಾಳಿಗೆ ಬಾಯಿ ಹಾಕಿತು. ಪಕ್ಕದ ಹೊಲದ ಹೆಂಗಸರು ಮೆಣಸಿನಕಾಯಿ ಬಿಡಿಸುವುದನ್ನು ಬಿಟ್ಟು ಕಿಸಕ್ಕೆಂದು ನಕ್ಕರು. ದುರುಗಮ್ಮನಿಗೆ ನಿಂತ ಹಲಗೆ ಸೀಳಿಹೋಗಬಾರದೇ ಅನ್ನಿಸಿತು.

ವಿರೂಪಾಕ್ಷಪ್ಪ ತಲೆ ಕೆರೆದುಕೊಂಡ. "ನಾಕು ದಿನ ನೋಡ್ತೀನವಾ. ಆಗಲಿಲ್ಲಂದ್ರ ಹಸೀದ ಕೊಯ್ದು ಎತ್ತಿಗೆ ಹಾಕಿಬಿಡ್ತೀನಿ. ಬರೋ ವರ್ಷದಿಂದ ಇಲ್ಲೂ ಮೆಣಸಿನಕಾಯಿನ. ಈ ಜ್ವಾಳದ ಗೋಳು ಸಾಕಾಗೈತಿ."

ಮೆಣಸಿನಕಾಯಿಗೆ ಹಕ್ಕಿ ಕಾಯುವವರು ಬೇಕಿಲ್ಲ. ಮಂಚಿಕೆ ಕಿತ್ತು ಒಲೆಗೆ ಹಾಕುತ್ತಾರೆ. ಮನೆಯ ದಾರಿಯುದ್ದಕ್ಕೂ ದುರುಗಮ್ಮ ಅತ್ತಳು. ಅಳುವಾಗಲೂ ಅವಳ ದನಿ ಜೋರೇ ಇತ್ತು.

ಮನೆಯಲ್ಲಿ ಗಂಡ ಅಯ್ಯಣ್ಣ ಹೊರಸಿನ ಮೇಲೆ ಅಂಗಾತ ಮಲಗಿ ಬೀಡಿ ಸೇದುತ್ತಿದ್ದ. "ಏ ಮಾವಾ, ನಳ ಬಂದೈತಿ, ಕೊಡ ಹಿಡಿಯೋ!" ಎಂದು ಕೂಗಿದಳು. ಅಯ್ಯಣ್ಣ ಅಲುಗಲಿಲ್ಲ. "ಮಾವಾ! ನೀರು ಹೋಕ್ಕಾವ!" ಅಯ್ಯಣ್ಣ ಹೊಗೆ ಬಿಟ್ಟ. "ಕಿವಿಯಾಗ ಸೀಸ ಹುಯ್ಕೊಂಡೀಯೇನೋ?" ಅಯ್ಯಣ್ಣ ಮಗ್ಗುಲು ಬದಲಿಸಿದ. ಎಲ್ಲಿತ್ತೋ ಸಿಟ್ಟು, ದುರುಗಮ್ಮ ಕೈಗೆ ಸಿಕ್ಕ ಮುದ್ದೆ ಕೋಲನ್ನು ಬೀಸಿ ಒಗೆದಳು. ಅದು ಹೊರಸಿನ ಕಾಲಿಗೆ ಫಟ್ ಎಂದು ಬಡಿಯಿತು. ಅಯ್ಯಣ್ಣ ಚಂಗನೆ ಎದ್ದು ಕೊಡ ಹಿಡಿದು ನಳದ ಕಡೆ ಓಡಿದ.

ದುರುಗಮ್ಮ ಅಲ್ಲಿಯೇ ನಿಂತುಬಿಟ್ಟಳು. ಮೂವತ್ತು ವರ್ಷ ತನ್ನ ದನಿಗೆ ಪಳಗಿ ಪಳಗಿ ಈ ಮನುಷ್ಯನೂ ಒಂದು ಗಿಣಿಯಾಗಿದ್ದ. ದನಿಗೆ ಯಾರೂ ಅಂಜುವುದಿಲ್ಲ, ದನಿಯ ಹಿಂದೆ ಬರುವುದಕ್ಕೆ ಅಂಜುತ್ತಾರೆ. ಮೊದಲೆಲ್ಲ ನಾನು ಕೂಗಿ ಕವಣೆ ಬೀಸುತ್ತಿದ್ದೆ. ಆ ಮಷಿನ್ನಿಗೆ ಬಾಯಿ ಕೊಟ್ಟರು, ಕೈ ಕೊಡಲಿಲ್ಲ. ಗಿಣಿಗಳು ಹೊಸ ಪಾಠ ಕಲಿತಿವೆ, ಸರಿ. ಕಲಿತವಕ್ಕೆ ಇನ್ನೊಂದು ಪಾಠ ಕಲಿಸಲಾಗದೇನು?

ಆ ಎರೆಹೊಲದಲ್ಲಿ ಒಂದು ಕಲ್ಲು ಬೇಕೆಂದರೂ ಸಿಗುವುದಿಲ್ಲ. ಅವತ್ತೇ ಕೂತು ಎರೆಮಣ್ಣು ಕಲಸಿ, ನಿಂಬೆಕಾಯಿಯ ಗಾತ್ರದ ಇನ್ನೂರು ಗುಂಡು ಕಟ್ಟಿ ಒಲೆಯ ಬಾಯಿಗೆ ಒಣಗಲು ಇಟ್ಟಳು. ಬೆಳಿಗ್ಗೆ ಕವಣೆ, ಗುಂಡಿನ ಬುಟ್ಟಿ, ಹಳೆಯ ಕರಿ ಕಂಬಳಿ ತೆಗೆದುಕೊಂಡು ಹೊಲಕ್ಕೆ ಹೋಗಿ ವಿರೂಪಾಕ್ಷಪ್ಪನಿಗೆ ಹೇಳಿದಳು, "ಗೌಡ್ರ, ಮಷಿನ್ ಹಚ್ಚ್ರಿ."

"ಅದು ಆಗವಲ್ದು ಅಂತ ನೀನ ನೋಡಿಯಲ್ಲ?"

"ಹಚ್ಚ್ರಿ ನೀವು. ನಾಕು ದಿನ ನನ್ನ ಮಾತಾಡಸಬ್ಯಾಡ್ರಿ."

ಮಂಚಿಕೆಯ ಕೆಳಗಿನ ನೆರಳಿನಲ್ಲಿ ಕಂಬಳಿ ಹೊದ್ದು ಮಣ್ಣಿನ ಗುಡ್ಡೆಯ ಹಾಗೆ ಕೂತಳು. ಗಿಣಿಗಳು ಇಳಿದವು. ಅವಳು ಸುಮ್ಮನಿದ್ದಳು. ತಿಂದವು, ಸುಮ್ಮನಿದ್ದಳು. ಹೊಟ್ಟೆ ಉರಿಯಿತು, ಆದರೂ ಸುಮ್ಮನಿದ್ದಳು. ಮೇಲಿಂದ ಮೈಕು "ಹೋಯ್!" ಅಂದದ್ದೇ ತಡ, ಕಂಬಳಿ ಸರಿಸಿ ಎದ್ದು ಕವಣೆ ಬೀಸಿದಳು. ಗುಂಡು ಗುಂಪಿನ ನಡುವೆ ಹೋಗಿ ತೆನೆಗೆ ಬಡಿದು ಪುಡಿಪುಡಿಯಾಗಿ ಸಿಡಿಯಿತು. ಇನ್ನೊಂದು, ಮತ್ತೊಂದು. ಮೈಕು ನಿಂತ ಕೂಡಲೇ ಇವಳೂ ಮತ್ತೆ ಗುಡ್ಡೆಯಾದಳು. ಒಂದು ಹಕ್ಕಿಯನ್ನೂ ಕೊಲ್ಲಲಿಲ್ಲ. ಮೈಕಿನ ಮೇಲೆ ಕೂತು ತಿಂದಿದ್ದ ಆ ಜಂಬದ ಗಿಣಿಯ ಬಾಲದ ಒಂದು ಗರಿ ಮಾತ್ರ ಉದುರಿತು.

ಗುಂಡು ಎಸೆಯುವುದು ಕಷ್ಟವೇನಲ್ಲ. ಬಾಯಿ ಮುಚ್ಚಿಕೊಂಡಿರುವುದಿದೆಯಲ್ಲ, ಅಯ್ಯಯ್ಯೋ, ಅದು ಪ್ರಾಣ ಹಿಂಡಿತು. ಗುಂಡು ಬಾರದ ಹೊತ್ತಿನಲ್ಲಿ ಅವಳ ದನಿ ಗಿಣಿಗಳ ಕಿವಿಗೆ ಬೀಳಬಾರದಿತ್ತು. ಪ್ರತಿ ಬೀಸಿಗೂ ಒಂದು ಬೈಗುಳ ಗಂಟಲಿಗೆ ಬಂದು ಬಡಿಯುತ್ತಿತ್ತು, ನುಂಗಿಕೊಳ್ಳುತ್ತಿದ್ದಳು. ದಾರಿಹೋಕರು ಮಾತಾಡಿಸಿದರೆ ಕೈಸನ್ನೆ. ಮನೆಯಲ್ಲಿಯೂ ಅದೇ ರೂಢಿಯಾಯಿತು. ಅವಳು ಸುಮ್ಮನಿರುವುದನ್ನು ಕಂಡು ಅಯ್ಯಣ್ಣ ಗಾಬರಿಯಾದ. ಕರೆಯದೆ ನೀರು ತಂದ, ಕಟ್ಟಿಗೆ ಒಡೆದ. ಮೂರನೆಯ ದಿನ "ನಿಂಗ ಏನಾರ ಆಗೇತೇನ, ಬಳ್ಳಾರಿಗೆ ತೋರ್ಸಾಕ ಹೋಗೂಣೇನ?" ಎಂದು ಹಣೆ ಮುಟ್ಟಿ ನೋಡಿದ. ಅವಳ ಕಣ್ಣಲ್ಲಿ ಒಂದಿಷ್ಟು ನೀರು ಬಂತು.

ಇತ್ತ ಹೊಲದಲ್ಲಿ ಎರಡನೆಯ ದಿನವೇ ಗಿಣಿಗಳು ಗೊಂದಲಕ್ಕೆ ಬಿದ್ದಿದ್ದವು. ಮೂರನೆಯ ದಿನ ಮೈಕು "ಹೋಯ್" ಅಂದ ಕೂಡಲೇ, ಅವಳು ಏಳುವ ಮೊದಲೇ, ಅರ್ಧಕ್ಕರ್ಧ ಎದ್ದವು. ನಾಲ್ಕನೆಯ ದಿನ ಬೆಳಿಗ್ಗೆ ಗುಂಡು ಹಾಗೇ ಬುಟ್ಟಿಯಲ್ಲಿ ಉಳಿದವು.

ಸಂಜೆಗೆ ವಿರೂಪಾಕ್ಷಪ್ಪ ಬಂದ, ಜೊತೆಗೆ ಬಳ್ಳಾರಿಯಿಂದ ಬಂದಿದ್ದ ಶಶಿಕಾಂತ. ಪಕ್ಕದ ಹೊಲದ ಹೆಂಗಸರೂ ಬದುವಿಗೆ ಬಂದು ನಿಂತರು. ದುರುಗಮ್ಮ ಮೈಕಿನ ಗುಂಡಿ ಒತ್ತಿ ಆರಿಸಿದಳು. ಗಿಣಿಗಳು ಇಳಿಯುವವರೆಗೆ ಕಾದಳು. ಹೊಲದ ತುಂಬ ಹಸಿರು ಹಸಿರಾಗಿ ಕೂತವು. ಅವಳು ಕಂಬಳಿ ಬಿಟ್ಟು, ಕವಣೆ ಬಿಟ್ಟು, ಬರಿಗೈಯಲ್ಲಿ ಮಂಚಿಕೆ ಏರಿದಳು. ನಾಲ್ಕು ದಿನ ಮುಚ್ಚಿದ್ದ ಗಂಟಲು, ದನಿ ಬಂದೀತೋ ಇಲ್ಲವೋ. ಬಂದರೂ ಅವು ಮತ್ತೆ ಕತ್ತು ಓರೆಮಾಡಿ ನೋಡಿಬಿಟ್ಟರೆ?

"ಹೋಯ್..."

ದನಿ ಒಡಕು ಒಡಕಾಗಿ, ಮೊದಲಿನ ಅರ್ಧದಷ್ಟೂ ಇಲ್ಲದೆ ಹೊರಬಿತ್ತು. ಅಷ್ಟಕ್ಕೇ ಇಡೀ ಹೊಲ ಮೇಲೆದ್ದಿತು. ನೂರಾರು ರೆಕ್ಕೆ ಒಮ್ಮೆಗೇ ಬಡಿದು, ಗಿಣಿಗಳು ಕಿರುಚಿಕೊಂಡು, ಕುರುಗೋಡು ಗುಡ್ಡದ ಕಡೆ ಹೋದವು. ಬಾಲದಲ್ಲಿ ಒಂದು ಗರಿ ಕಡಿಮೆಯಿದ್ದದ್ದು ಎಲ್ಲಕ್ಕಿಂತ ಮುಂದೆ ಇತ್ತು. ಬದುವಿನ ಮೇಲೆ ಈ ಸಲ ಯಾರೂ ನಗಲಿಲ್ಲ. ದುರುಗಮ್ಮ ಗಳ ಹಿಡಿದುಕೊಂಡು ಅಲ್ಲಿಯೇ ಕೂತು, ಒಂದು ಗಳಿಗೆ ಮುಖ ಮುಚ್ಚಿಕೊಂಡಳು.

"ಭಲೇ ದುರುಗಮ್ಮಾ!" ಎಂದ ವಿರೂಪಾಕ್ಷಪ್ಪ. "ಬರೋ ವರ್ಷನೂ ಜ್ವಾಳನ ಬಿತ್ತೂಣು, ತಗೋ."

ಶಶಿಕಾಂತನಿಗೆ ವ್ಯಾಪಾರ ನೆನಪಾಯಿತು. "ದುರುಗಮ್ಮಾ, ಈ ರೆಕಾರ್ಡಿಂಗ್ ಸಿರುಗುಪ್ಪ ಕಡೆ ಊರಿಗೆಲ್ಲ ಕೊಟ್ರ..."

ಅವಳು ಕೆಳಗಿಳಿದು ಬಂದು ಅವನ ಮುಂದೆ ಅಂಗೈ ಚಾಚಿದಳು. "ಆ ಚೀಟಿಯಂಥದ್ದು ತಗೀರಿ ಅಳಿಯಾರ. ಮೊಬೈಲ್‌ದಾಗಿಂದೂ ಅಳಸ್ರಿ. ನನ್ನ ಕೈ ಇಲ್ಲದ ಕಡಿ ನನ್ನ ದನಿ ಹೋಗಬಾರ್ದು. ಹೋದ್ರ ಕೆಡ್ತೈತಿ."

ಶಶಿಕಾಂತ ಮಾವನ ಮುಖ ನೋಡಿದ. ಕೊಡು ಎಂಬಂತೆ ವಿರೂಪಾಕ್ಷಪ್ಪ ತಲೆಯಾಡಿಸಿದ. ಉಗುರಿನಷ್ಟಿದ್ದ ಮೆಮೊರಿ ಕಾರ್ಡನ್ನು ದುರುಗಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮನೆಗೆ ಬಂದಾಗ ಅಯ್ಯಣ್ಣ ಹೊರಸಿನ ಮೇಲೆ ಅಂಗಾತ ಮಲಗಿದ್ದ. ದುರುಗಮ್ಮ ಹೊಸಿಲಲ್ಲಿ ನಿಂತು, ಮದುವೆಯಾದ ಮೇಲೆ ಮೊದಲ ಸಲ, ಮೆಲ್ಲಗೆ ಕರೆದಳು.

"ಮಾವಾ."

ಅಯ್ಯಣ್ಣ ದಡಕ್ಕನೆ ಎದ್ದು ಕೂತು ಮೊದಲು ಅವಳ ಕೈ ನೋಡಿದ. ಕೈ ಖಾಲಿಯಿತ್ತು. ಆದರೂ ಕೊಡ ಎತ್ತಿಕೊಂಡ.