ಗೊರಕೆ ರಂಗಮಂಡಳಿ

ಉಪ್ಪು ಖಾರ ಹಚ್ಚದೆ ಹೇಳುವುದಾದರೆ ನಡೆದದ್ದು ಇಷ್ಟು: ಪುಟಾಣಿಯ ಪರದೆಯ ಮೇಲೆ ಮತ್ತೆ ‘500’ ಎಂಬ ದೋಷಸಂಖ್ಯೆ ಮೂಡಿತು.

ಪುಟಾಣಿ ಎನ್ನುವುದು ಮನೆಯವರು ಕರೆಯುವ ಹೆಸರು. ಆಳು ಮಾತ್ರ ಯಾವ ಬಾಗಿಲಲ್ಲೂ ತಲೆ ತಗ್ಗಿಸಿಯೇ ಒಳಬರಬೇಕು. ಭಾವನ ನಾಟಕಕ್ಕೆ ಟಿಕೆಟ್ ಕಾಯ್ದಿರಿಸುವ ಜಾಲತಾಣ ಕಟ್ಟಿದವನು ಅವನೇ. ಮನೆಯ ಲ್ಯಾಪ್‌ಟಾಪಿನಲ್ಲಿ ಅದು ಹೇಳಿದ ಮಾತು ಕೇಳುವ ಕೂಸು. ಬಾಡಿಗೆ ಸರ್ವರಿಗೆ ಏರಿಸಿದ್ದೇ ತಡ, ಹಟ ಹಿಡಿದು ಕೂತಿತು. ಆ ಸರ್ವರೋ, ನೂರಾರು ಜಾಲತಾಣಗಳು ಒತ್ತಿಕೊಂಡು ಬದುಕುವ ವಠಾರ. ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರ ಅಪ್ಪಣೆ ಬೇಕು.

ರಂಗಮಂದಿರದ ಮ್ಯಾನೇಜರ್ ತಮ್ಮ ಕೋಣೆಯ ಕಿಟಕಿಗೆ ಒರಗಿ ಟೀ ಕುಡಿಯುತ್ತಿದ್ದರು. “ಈ ಕಪ್ ಖಾಲಿಯಾಗೋದ್ರೊಳಗೆ ಬುಕಿಂಗ್ ತೆರೀಬೇಕಪ್ಪಾ. ಇಲ್ಲಾಂದ್ರೆ ನಿಮ್ಮ ನಾಟಕದ ದಿನಾನ ಜಾದೂಗಾರನಿಗೆ ಕೊಟ್ಬಿಡ್ತೀನಿ. ಬೆಳಗ್ಗಿಂದ ಪ್ರಾಣ ತಿಂತಾ ಇದಾನೆ.”

“ನಿಧಾನವಾಗಿ ಕುಡೀರಿ ಸಾರ್, ನಾಲಿಗೆ ಸುಟ್ಟೀತು,” ಎಂದಳು ಅಕ್ಕ.

ಭಾವ ಮೂಲೆಯಲ್ಲಿ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಗಂಟಲಿನ ಆಪರೇಷನ್ ಆದಮೇಲೆ ಇದು ಮೊದಲ ನಾಟಕ. ಕಂಡವರ ದನಿಯನ್ನೆಲ್ಲ ಅಣಕಿಸುತ್ತಿದ್ದ ಮನುಷ್ಯ ಈಗ ಬರೀ ಪಿಸುಗುಡುತ್ತಿದ್ದರು. ನಗು ಬಂದರೆ ಭುಜ ಮಾತ್ರ ಕುಣಿಯುತ್ತಿತ್ತು. ದನಿ ಬಿಡಬಹುದೆಂದು ಡಾಕ್ಟರು ಎಂದೋ ಹೇಳಿದ್ದರು. ಭಾವನಿಗೇ ಹೆದರಿಕೆ. ಈ ದಿನವೂ ಕೈತಪ್ಪಿದರೆ ಇನ್ನು ಬಣ್ಣ ಹಚ್ಚುವುದಿಲ್ಲ ಎಂದು ಅಕ್ಕನಿಗೆ ಹೇಳಿಬಿಟ್ಟಿದ್ದರು.

ಪುಟಾಣಿ ಸರ್ವರಿನಲ್ಲಿದ್ದ ಸೆಟ್ಟಿಂಗ್ಸ್ ಫೈಲನ್ನು ಮತ್ತೆ ತೆರೆದ. ಡೇಟಾಬೇಸಿನ ಹೆಸರು ಸರಿ. ಪಾಸ್‌ವರ್ಡ್ ಸರಿ. ಸೇವ್ ಮಾಡಿದ. 500.

“ಮನೇಲಿ ಓಡ್ತಿತ್ತು ಕಣೇ ಅಕ್ಕಾ!”

“ಹಾಗಾದ್ರೆ ಜನಾನೆಲ್ಲ ಮನೆಗೇ ಕರಿ. ಚಾಪೆ ಹಾಸ್ತೀನಿ.”

ಭಾವ ಎದ್ದು ಬಂದು ಪರದೆಗೆ ಬಗ್ಗಿದರು. “ಮೇಲೆ ಏನೋ ಬರೆದಿದೆಯಲ್ಲೋ?”

500ನ್ನೇ ದಿಟ್ಟಿಸುತ್ತಿದ್ದ ಪುಟಾಣಿ ಈಗ ಮೇಲೆ ನೋಡಿದ. ‘ಭಾವನ ಗೊರಕೆ ರಂಗಮಂಡಳಿ.’ ಮಾತು ಹೋದರೂ ಗೊರಕೆ ಹೋಗಿಲ್ಲವೆಂದು ಅಕ್ಕನನ್ನು ನಗಿಸಲು ಮನೆಯಲ್ಲಿ ಇಟ್ಟ ಹೆಸರು ಅದು.

“ಭಾವಾ, ತಪ್ಪು ತಿಳ್ಕೋಬೇಡಿ, ಅದನ್ನ ನಾನೇ ತೆಗೆದು ಸರಿಯಾದ ಹೆಸರು ಹಾಕಿದ್ದೆ...” ಎಂದವನು ಅಲ್ಲಿಗೇ ನಿಂತ.

ಹಾಕಿದ್ದ. ಆದರೂ ಹಳೆಯದೇ ಬರುತ್ತಿದೆ. ಹೆಸರು ಹಳೆಯದಾದರೆ ಪಾಸ್‌ವರ್ಡೂ ಹಳೆಯದೇ! ಜಾಲತಾಣ ಬೇಗ ಓಡಲೆಂದು ಮನೆಯ ಸೆಟ್ಟಿಂಗ್ಸ್‌ಗಳ ನಕಲೊಂದನ್ನು ತೆಗೆದಿಡಿಸಿದ್ದ. ಸರ್ವರಿಗೆ ಏರಿಸಿದ ಫೈಲುಗಳ ಗಂಟಿನ ಜೊತೆ ಅದೂ ಬಂದು ಕೂತಿದೆ. ಸರ್ವರ್ ಅದನ್ನೇ ಓದುತ್ತಿದೆ, ಇವನು ತಿದ್ದುತ್ತಿದ್ದ ಫೈಲಿನ ಕಡೆ ತಿರುಗಿಯೂ ನೋಡಿಲ್ಲ.

ಇಂಥ ನಕಲುಗಳನ್ನು ಕೂಡಿಡುವ ‘ಕ್ಯಾಶ್’ ಎಂಬ ಫೋಲ್ಡರ್ ತೆರೆದ. ನಕಲು ಅಲ್ಲೇ ಇತ್ತು. ಅಳಿಸಿ, ಪುಟವನ್ನು ಮತ್ತೆ ತೆರೆದ. ಮ್ಯಾನೇಜರ್ ಕೊನೆಯ ಗುಟುಕಿಗೆ ಕಪ್ ಎತ್ತಿದರು. ಪುಟ ಖಾಲಿ ಬಿಳಿಯಾಗಿ ತುಸು ಹೊತ್ತು ತಿಣುಕಿತು. ಆಮೇಲೆ ಸಾಲು ಸಾಲು ಹಸಿರು ಕುರ್ಚಿಗಳು ತೆರೆದುಕೊಂಡವು. ಮೇಲೆ ಮಂಡಳಿಯ ನಿಜವಾದ ಹೆಸರು.

ಪುಟಾಣಿ ಪರದೆಯನ್ನು ಮ್ಯಾನೇಜರ್ ಕಡೆ ತಿರುಗಿಸಿದ.

“ಕಪ್ ಖಾಲಿಯಾಯ್ತೇನಪ್ಪಾ?” ಎಂದಿತು ಮ್ಯಾನೇಜರ್ ದನಿ.

ಆದರೆ ಮ್ಯಾನೇಜರ್ ಬಾಯಲ್ಲಿ ಟೀ ಇತ್ತು.

ಅಕ್ಕ ಗಕ್ಕನೆ ತಿರುಗಿದಳು. ಭಾವ ಹೊಟ್ಟೆ ಹಿಡಿದುಕೊಂಡಿದ್ದರು. “ಗೊರಕೆ... ರಂಗಮಂಡಳಿ...!” ಮೊದಲು ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟಿದ ನಗು, ನೋಡನೋಡುತ್ತ ಕೋಣೆ ತುಂಬಿತು. ಪುಟಾಣಿ ನಕ್ಕ, ಮ್ಯಾನೇಜರ್ ಕೆಮ್ಮುತ್ತ ನಕ್ಕರು. ಭಾವನ ದನಿಯ ಮುಂದೆ ಯಾವುದೂ ಕೇಳಿಸಲಿಲ್ಲ. ಮಫ್ಲರ್ ಸಡಿಲವಾಗಿ ನೆಲಕ್ಕೆ ಜಾರಿತು. ಅಕ್ಕ ಅದನ್ನು ಎತ್ತಿಕೊಳ್ಳಲು ಬಗ್ಗಿದವಳು, ಹಾಗೆಯೇ ಕೂತುಬಿಟ್ಟಳು.