ರೋರಿಯ ಹೆಸರಿನ ಹೂದೋಟ

ಮಾರ್ಲೀನ್ ಟಿಪೆಟ್ ಫೋನ್ ಮಾಡಿ, ಶಾಲೆಯಲ್ಲಿ ನಿನ್ನ ಮಗನ ಹೆಸರಿನಲ್ಲಿ ಹೂದೋಟ ಮಾಡಿಸುತ್ತಿದ್ದೇವೆ, ಫಲಕದ ಮೇಲೆ ಏನು ಕೆತ್ತಿಸಬೇಕೆಂದು ನೀನೇ ಹೇಳು ಎಂದಾಗ ಜಸಿಂತಾಳ ಮೈಯೆಲ್ಲ ಉರಿದುಹೋಯಿತು. ಆದರೂ ದನಿ ಏರಿಸಲಿಲ್ಲ. ನಾನೇ ಕೆತ್ತಿಸಿ ತರುತ್ತೇನೆ ಅಂದಳು.

ರೋರಿಗೆ ಹುಟ್ಟಿನಿಂದಲೇ ಬಿಳಿ ರಕ್ತಕಣಗಳ ದೋಷ. ಕಣಗಳೇನೋ ಬೇಕಾದಷ್ಟಿದ್ದವು, ರೋಗಾಣುಗಳನ್ನು ನುಂಗುತ್ತಲೂ ಇದ್ದವು. ಕೊಲ್ಲುವ ತಾಕತ್ತು ಮಾತ್ರ ಇರಲಿಲ್ಲ. ತಾಯಿಯಿಂದ ಗಂಡುಮಕ್ಕಳಿಗೆ ಇಳಿದು ಬರುವ ಕಾಯಿಲೆ. ಜಸಿಂತಾಳ ತಮ್ಮನೂ ಅದರಲ್ಲೇ ಹೋಗಿದ್ದ. ಆದರೆ ರೋರಿ ದಿನಾ ಮಾತ್ರೆ ನುಂಗಿಕೊಂಡು, ಕ್ರಿಕೆಟ್ ಆಡಿಕೊಂಡು ಎಂಟು ವರ್ಷ ಚೆನ್ನಾಗಿಯೇ ಇದ್ದ. ಅವನನ್ನು ಎಲ್ಲಕ್ಕಿಂತ ಹೆಚ್ಚು ದೂರ ಇಡಬೇಕಾಗಿದ್ದದ್ದು ಗಿಡದ ಬುಡಕ್ಕೆ ಹರಡುವ ಕೊಳೆತ ತೊಗಟೆಚೂರಿನಿಂದ. ಅದರ ಬೂಷ್ಟಿನ ಧೂಳು ಅವನ ಎದೆಗಿಳಿದರೆ ಮುಗಿಯಿತು.

ಇದನ್ನು ಪೋಷಕರ ಸಮಿತಿಯ ಅಧ್ಯಕ್ಷೆ ಮಾರ್ಲೀನ್‌ಗೆ ಜಸಿಂತಾ ಮೂರು ಸಲ ಬಿಡಿಸಿ ಹೇಳಿದ್ದಳು. ಗಿಪ್ಸ್‌ಲ್ಯಾಂಡ್ ಸೀಮೆಯ ಈ ಊರಲ್ಲಿ ಶಾಲೆಯ ಶ್ರಮದಾನವೆಂದರೆ ಒಂದು ಲಾರಿ ತೊಗಟೆ, ಹತ್ತು ಸಲಿಕೆ, ಆಮೇಲೆ ಸುಟ್ಟ ಸಾಸೇಜು. ತೊಗಟೆ ಹಾಸದ ತೋಟ ಇವರಿಗೆ ತೋಟವೇ ಅಲ್ಲ. ಶ್ರಮದಾನದ ದಿನ ರೋರಿಯನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದೂ ಜಸಿಂತಾ ಹೇಳಿದ್ದಳು. ಮಾರ್ಲೀನ್ ಆಗಲಿ ಆಗಲಿ ಅಂದಳು. ಲಾರಿ ಒಂದು ದಿನ ಮೊದಲೇ ಬಂದಾಗ ಮಕ್ಕಳ ಕೈಗೆಲ್ಲ ಬಕೆಟ್ ಕೊಟ್ಟಳು, ರೋರಿಯ ಕೈಗೂ. ಹತ್ತನೆಯ ದಿನ ಹುಡುಗ ಹೋದ.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಜಸಿಂತಾ ಕ್ಷಮಿಸುತ್ತಿದ್ದಳೋ ಏನೋ. ಮಾರ್ಲೀನ್ ಬೇಕರಿಯಲ್ಲಿ ನಿಂತು, ಪಾಪ, ತಾಯಿಯ ರಕ್ತದಲ್ಲೇ ಇದ್ದದ್ದಕ್ಕೆ ಯಾರೇನು ಮಾಡುವುದು ಎಂದು ಊರಿಗೆಲ್ಲ ಸಮಾಧಾನ ಹೇಳಿದಳು.

ಉದ್ಘಾಟನೆಗೆ ಊರೇ ಬಂದಿತ್ತು. ಹೊಸ ಗುಲಾಬಿ ಗಿಡಗಳ ಬುಡದಲ್ಲಿ ಗೇಣು ದಪ್ಪ ತೊಗಟೆ, ಇನ್ನೂ ಹಬೆಯಾಡುತ್ತಿತ್ತು. ಯಾವುದು ಮಗನನ್ನು ತಿಂದಿತೋ ಅದನ್ನೇ ಮಗನ ಹೆಸರಿಗೆ ಹಾಸಿದ್ದರು! ಅಲ್ಲಿಯವರೆಗೆ ಜಸಿಂತಾಳ ಮನಸ್ಸಿನಲ್ಲಿದ್ದ ಅಳುಕು ಅದನ್ನು ನೋಡಿದ್ದೇ ಸತ್ತುಹೋಯಿತು.

ಜಸಿಂತಾ ಮುಚ್ಚಿಕೊಂಡೇ ತಂದಿದ್ದ ಫಲಕದ ಬಟ್ಟೆಯನ್ನು ಮಾರ್ಲೀನ್ ಸರಿಸಿ, ಗಟ್ಟಿಯಾಗಿ ಓದತೊಡಗಿದಳು. "ರೋರಿ ಬಾಯ್ಲ್, ಎಂಟು ವರ್ಷ. ಕಾಯಿಲೆ ಕೊಟ್ಟವಳು ತಾಯಿ ಜಸಿಂತಾ." ಅಲ್ಲಿಗೆ ದನಿ ನಿಂತಿತು.

"ಇನ್ನೊಂದು ಸಾಲಿದೆ, ಓದು," ಅಂದಳು ಜಸಿಂತಾ.

"ಬೇಡ ಕಣೇ. ಮಕ್ಕಳಿದಾರೆ."

"ಇರ್ಲಿ. ನನ್ನ ಪಾಲು ನಾನು ಒಪ್ಕೊಂಡು ಬರೆಸಿದೀನಿ. ನಿನ್ನ ಪಾಲು ನಿನ್ನ ಬಾಯಲ್ಲೇ ಬರ್ಲಿ."

ಮಾರ್ಲೀನ್ ಸುತ್ತ ನೋಡಿದಳು. ಯಾರೂ ಅವಳ ಸಹಾಯಕ್ಕೆ ಬರಲಿಲ್ಲ.

"ಸಾವು ಕೊಟ್ಟವಳು ಮಾರ್ಲೀನ್ ಟಿಪೆಟ್," ಎಂದು ಓದಿದಳು.

"ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ," ಅಂದಳು ಜಸಿಂತಾ.