ಹಮಾಲಿಯ ಕುತ್ತಿಗೆ ನೋವು

"ಕುಡ್ದು ಬಂದು ನನ್ನ ಸಕ್ಕರೆ ಮೂಟೆ ಮೇಲೆ ಕಕ್ತೀಯೇನೋ, ಬೋಳಿಮಗನೇ!"

ಸಾಹುಕಾರ ಬಿದ್ದಿದ್ದ ಹಮಾಲಿಯ ಪಕ್ಕೆಗೆ ಚಪ್ಪಲಿ ಕಾಲಲ್ಲೇ ಒದ್ದ. ಗೋದಾಮು ಗುಡಿಸುತ್ತಿದ್ದ ಆ ಹಮಾಲಿಯ ಹೆಂಡತಿ ಪೊರಕೆ ಬಿಸಾಡಿ ಓಡಿಬಂದಳು.

"ಅವ್ರು ಕುಡಿಯಲ್ಲ ಧಣಿ. ತಲೆನೋವು, ಜ್ವರ, ಬಿಡ್ತಾನೇ ಇಲ್ಲ."

"ತಲೆ ಇದ್ರೆ ತಾನೇ ನೋಯೋದು! ಎಬ್ಬಿಸು, ಲಾರಿ ಕಾಯ್ತಿದೆ."

ಗಂಡ ಕಣ್ಣು ಬಿಟ್ಟು ಅವಳನ್ನೇ ನೋಡಿ, "ಯಾರಮ್ಮ ನೀನು?" ಎಂದ. ಕುತ್ತಿಗೆ ಬಿಗಿದಿದೆ ಎಂದು ಅವನು ನರಳಿದಾಗಲೆಲ್ಲ ಎಣ್ಣೆ ತಿಕ್ಕಿ ಮಲಗಿಸಿದವಳು ಅವಳೇ. ಮೂಟೆ ಹೊರುವವರಲ್ಲಿ ಕುತ್ತಿಗೆ ನೋಯದವನು ಯಾರಿದ್ದ? ಅದನ್ನೂ ಒಂದು ಕಾಯಿಲೆ ಅಂತ ಯಾರು ಎಣಿಸಿದ್ದರು?

ಆಸ್ಪತ್ರೆಯ ದೊಡ್ಡ ಡಾಕ್ಟರೂ ಕುರ್ಚಿ ಬಿಟ್ಟೇಳದೆ ಅದನ್ನೇ ಹೇಳಿದರು. "ಹಮಾಲಿಗೆ ಕುತ್ತಿಗೆ ನೋಯದೆ ಇನ್ನೇನು? ಮಾತ್ರೆ ಬರ್ದಿದೀನಿ, ಕರ್ಕೊಂಡು ಹೋಗು."

ಅವಳು ಚೀಟಿ ಮುಟ್ಟಲಿಲ್ಲ. "ಹೆಂಡ್ತಿ ಗುರುತೇ ಮರೆಸೋ ಕುತ್ತಿಗೆ ನೋವು ಯಾವೂರಲ್ಲಿದೆ ಸ್ವಾಮಿ? ಎದ್ದು ಮುಟ್ಟಿ ನೋಡ್ರಿ!" ಎಂದು ವಾರ್ಡೆಲ್ಲ ಕೇಳುವಂತೆ ಬಾಯಿ ಮಾಡಿದಳು.

ಆ ಗಲಾಟೆಗೆ ಒಬ್ಬ ಕಿರಿಯ ಡಾಕ್ಟರಮ್ಮ ಬಂದರು. ಅವನ ತಲೆ ಎತ್ತಲು ಹೋದರೆ ಕುತ್ತಿಗೆ ಬಾಗದೆ ಬೆನ್ನೂ ಜೊತೆಗೇ ಎದ್ದಿತು. ಅವತ್ತೇ ಬೆನ್ನುಮೂಳೆಯ ಸಂದಿಗೆ ಸೂಜಿ ಹಾಕಿ ನೀರು ತೆಗೆದರು. ವರದಿ ಪೂರ್ತಿ ಬರುವ ಮೊದಲೇ ಔಷಧಿ ಶುರುವಾಯಿತು.

"ಮಿದುಳಿನ ಪೊರೆಗೆ ಕ್ಷಯ ಹತ್ತಿದೆ ಕಣಮ್ಮ. ಇನ್ನೂ ತಡ ಆಗಿದ್ರೆ ಕೈಗೆ ಸಿಗ್ತಿರ್ಲಿಲ್ಲ. ಒಂದು ವರ್ಷ ಮಾತ್ರೆ, ತಪ್ಪಿಸೋ ಹಾಗೇ ಇಲ್ಲ. ಜೊತೇಲಿ ಮಲಗೋರನ್ನೂ ಕರ್ಕೊಂಬಾ. ಯಾರ್ದೋ ಕೆಮ್ಮಿಂದ್ಲೇ ಬಂದಿರ್ಬೇಕು."

ಜೊತೆಯಲ್ಲಿ ಮಲಗುವವರು ಅಂದರೆ ಇಡೀ ಹಮಾಲಿ ಗುಂಪು. ಗೋದಾಮಿನ ಹಿಂದೆ ಕಿಟಕಿಯಿಲ್ಲದ ಒಂದೇ ಕೋಣೆ.

ಗಂಡ ಅವಳನ್ನು ಹೆಸರು ಹಿಡಿದು ಕರೆದ ದಿನವೇ ಅವಳು ಗೋದಾಮಿಗೆ ಹೋಗಿ ಎಲ್ಲರಿಗೂ ವಿಷಯ ಹೇಳಿದಳು. ಲಾರಿಯಿಂದ ಮೂಟೆ ಇಳಿಯುತ್ತಿತ್ತು. ಸಾಹುಕಾರ ಕಿಟಕಿಯಿಲ್ಲದ ತನ್ನ ಆಫೀಸ್ ಕೋಣೆಯಿಂದಲೇ ಅರಚಿದ.

"ಕ್ಷಯ ಗಿಯ ಅಂತ ಬಾಯಿ ಬಿಟ್ಟೆಯೋ, ನಿನ್ನ ಗಂಡ ಇತ್ತ ಕಾಲಿಡೋ ಹಾಗಿಲ್ಲ! ಇವತ್ತು ಆಸ್ಪತ್ರೆ ಅಂದವ್ನಿಗೆ ನಾಳೆ ಕೆಲ್ಸ ಇಲ್ಲ!"

"ಕೇಳಿಸ್ಕೊಂಡ್ರಾ ಅಣ್ಣಂದಿರಾ? ನನ್ನ ಗಂಡ ಬದುಕ್ಕೊಂಡ. ನೀವು ಸತ್ರೆ ಇವ್ನ ಗಂಟೇನೂ ಹೋಗಲ್ಲ."

ಗುಂಪಿನ ಹಿರಿಯ ಗೂನಜ್ಜ ಕೆಮ್ಮುತ್ತಲೇ ಬಂದು ತಲೆಯ ಮೇಲಿನ ಮೂಟೆಯನ್ನು ಆಫೀಸಿನ ಬಾಗಿಲಿಗೆ ಅಡ್ಡ ಇಳಿಸಿದ. ಅದರ ಮೇಲೆ ಇನ್ನೊಬ್ಬ ಇಳಿಸಿದ, ಪಕ್ಕಕ್ಕೆ ಮತ್ತೊಬ್ಬ. ಸಾಹುಕಾರನಿಗೆ ಏನೆಂದು ಹೊಳೆದು ಏಳುವಷ್ಟರಲ್ಲಿ ಮೂಟೆಗಳು ಎದೆಮಟ್ಟ ಬಂದಿದ್ದವು, ಆಮೇಲೆ ಬಾಗಿಲೇ ಮುಚ್ಚಿಹೋಯಿತು. ಹಮಾಲಿಗಳನ್ನು ಬಿಟ್ಟರೆ ಅವನ್ನು ಕದಲಿಸುವವರು ಅಲ್ಲಿ ಯಾರೂ ಇರಲಿಲ್ಲ.

"ಲೋ, ಉಸಿರು ಕಟ್ತಿದೆ ಕಣ್ರೋ!"

"ಆಸ್ಪತ್ರೇಲಿ ಕಫ ತೋರಿಸ್ಕೊಂಡು ಬಂದು ಇಳಿಸ್ತೀವಿ ಧಣಿ," ಎಂದ ಗೂನಜ್ಜ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾ. "ಅಲ್ಲೀವರೆಗೆ ತಡ್ಕೊಳ್ಳಿ. ನಾವು ದಿನಾ ಮಲಗೋ ಗಾಳೀನೇ ಅದು."